ಲಾಕ್‌ಡೌನ್ ಕಾಲದಲ್ಲಿ ಗಾಂಜಾ ಸೇವನೆಯ ಅಭ್ಯಾಸಗಳು ಬದಲಾದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಮಹಾಸಾಂಕ್ರಾಮಿಕ ಎಂದು ಕರೆದ ಕೆಲವೇ ದಿನಗಳಲ್ಲಿ ಹಲವು ದೇಶಗಳ ಜನರು ಮನೆಯೊಳಗೇ ಉಳಿಯಬೇಕಾಯಿತು. ಗಾಂಜಾ ಸೇವಿಸುವವರ ದಿನಚರಿಯೂ ಅದರೊಂದಿಗೆ ಬದಲಾಯಿತು. ಆ ಬದಲಾವಣೆಯ ಬಗ್ಗೆ ಸೇವಿಸುವವರು, ಅವರ ಮನೆಯವರು ಹಾಗೂ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಗಾಂಜಾ ಕುರಿತ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದರಿಂದ, ಕೆಳಗಿನ ಯಾವ ಉತ್ತರವನ್ನೂ ಸೇವನೆಗೆ ಕೊಟ್ಟ ಒಪ್ಪಿಗೆ ಎಂದು ತಿಳಿಯಬಾರದು.

ಲಾಕ್‌ಡೌನ್‌ನಲ್ಲಿ ಗಾಂಜಾ ಸೇವನೆ ಹೆಚ್ಚಾಯಿತೇ, ಕಡಿಮೆಯಾಯಿತೇ?

ಎರಡೂ ಆಯಿತು. ಈ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೇ ಇದು. ಲಿಸ್ಬನ್‌ನಲ್ಲಿರುವ ಯುರೋಪಿನ ಮಾದಕವಸ್ತು ಮೇಲ್ವಿಚಾರಣಾ ಕೇಂದ್ರವು 2020ರ ವಸಂತದಲ್ಲಿ ನಡೆಸಿದ ಆನ್‌ಲೈನ್ ಸಮೀಕ್ಷೆಯಲ್ಲಿ ಒಂದು ಸ್ಪಷ್ಟ ಕವಲು ಕಾಣಿಸಿತು: ಅಪರೂಪಕ್ಕೊಮ್ಮೆ ಸೇದುತ್ತಿದ್ದವರು ಕಡಿಮೆ ಮಾಡಿದ್ದರು ಅಥವಾ ನಿಲ್ಲಿಸಿಯೇ ಬಿಟ್ಟಿದ್ದರು, ಮೊದಲಿನಿಂದಲೂ ಪದೇ ಪದೇ ಸೇದುತ್ತಿದ್ದವರಲ್ಲಿ ಹೆಚ್ಚು ಮಾಡುವ ಒಲವು ಇತ್ತು. ಕೆನಡಾದ ಸರ್ಕಾರಿ ಅಂಕಿ-ಅಂಶ ಸಂಸ್ಥೆಯು 2021ರ ಜನವರಿಯಲ್ಲಿ ಕೇಳಿದಾಗ, ಹಿಂದೆ ಗಾಂಜಾ ಸೇವಿಸಿದ್ದವರಲ್ಲಿ ಶೇ. 34ರಷ್ಟು ಜನ ಹೆಚ್ಚಾಗಿದೆ ಎಂದರು, ಶೇ. 12ರಷ್ಟು ಜನ ಕಡಿಮೆಯಾಗಿದೆ ಎಂದರು, ಅರ್ಧಕ್ಕಿಂತ ಹೆಚ್ಚು ಮಂದಿ ಬದಲಾವಣೆಯೇ ಇಲ್ಲ ಎಂದರು. ವಿಶ್ವಸಂಸ್ಥೆಯ 2021ರ ಮಾದಕವಸ್ತು ವರದಿಯ ಪ್ರಕಾರ, 77 ದೇಶಗಳ ಆರೋಗ್ಯ ವೃತ್ತಿಪರರಲ್ಲಿ ಶೇ. 42ರಷ್ಟು ಮಂದಿ ತಮ್ಮ ದೇಶದಲ್ಲಿ ಗಾಂಜಾ ಸೇವನೆ ಏರಿದೆ ಎಂದು ಹೇಳಿದ್ದರು.

ಈ ಅಂಕಿಗಳಿಂದ ಒಂದು ಸರಾಸರಿ ತೆಗೆದು "ಇಷ್ಟು ಏರಿತು" ಎಂದುಬಿಟ್ಟರೆ ಯಾರಿಗೆ ಏನಾಯಿತು ಎಂಬುದೇ ಮರೆಯಾಗುತ್ತದೆ. ವಾರಾಂತ್ಯದ ಕೂಟದಲ್ಲಿ ಮಾತ್ರ ಸೇದುತ್ತಿದ್ದ ಹತ್ತು ಮಂದಿ ನಿಲ್ಲಿಸಿ, ದಿನವೂ ಸೇದುತ್ತಿದ್ದ ಇಬ್ಬರು ತಮ್ಮ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ, ಸೇವಿಸುವವರ ತಲೆ ಎಣಿಕೆ ಇಳಿಯುತ್ತದೆ, ಖರ್ಚಾಗುವ ಗಾಂಜಾದ ತೂಕ ಏರುತ್ತದೆ, ಆ ಇಬ್ಬರಿಗೆ ತಟ್ಟುವ ಅಪಾಯ ಎಲ್ಲಕ್ಕಿಂತ ಹೆಚ್ಚಾಗುತ್ತದೆ.

ಸಮೀಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಎಚ್ಚರದಿಂದ ನಂಬಬೇಕು. ಆನ್‌ಲೈನ್ ಸಮೀಕ್ಷೆಗೆ ತಾವಾಗಿಯೇ ಬಂದು ಉತ್ತರಿಸುವವರಲ್ಲಿ ಹೆಚ್ಚು ಸೇವಿಸುವ ಯುವಜನರ ಪಾಲು ದೊಡ್ಡದಿರುತ್ತದೆ. ಅವರ ಉತ್ತರವನ್ನು ಇಡೀ ಸಮಾಜದ ಉತ್ತರವೆಂದು ಓದಿಕೊಳ್ಳುವುದು ಸರಿಯಲ್ಲ. ಅದಕ್ಕೆ ಜೊತೆಯಾಗಿ ನೋಡಬಹುದಾದದ್ದು ಒಳಚರಂಡಿ ನೀರಿನ ಪರೀಕ್ಷೆ. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ದೇಹದೊಳಗೆ ವಿಭಜನೆಯಾಗಿ ಮೂತ್ರದಲ್ಲಿ ಹೊರಬರುತ್ತದೆ, ಅದರ ಅಂಶವನ್ನು ಇಡೀ ನಗರದ ಕೊಳಚೆ ನೀರಿನಲ್ಲಿ ಅಳೆಯಬಹುದು. ಲಾಕ್‌ಡೌನ್ ಅವಧಿಯಲ್ಲಿ ಯುರೋಪಿನ ನಗರಗಳಲ್ಲಿ ನೃತ್ಯಕೂಟಗಳ ಮಾದಕವೆನಿಸಿದ ಎಂಡಿಎಂಎ ಕುಸಿದಷ್ಟು ಗಾಂಜಾ ಕುಸಿಯಲಿಲ್ಲ. ಮೊದಲನೆಯದಕ್ಕೆ ಕೂಟ ಬೇಕು, ಎರಡನೆಯದಕ್ಕೆ ಒಂದು ಕೋಣೆ ಸಾಕು. ಆದರೆ ಕೊಳಚೆ ನೀರು ಒಟ್ಟು ಮೊತ್ತವನ್ನಷ್ಟೇ ಹೇಳಬಲ್ಲದು. ಎಷ್ಟು ಜನ, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಒಬ್ಬರಲ್ಲಿ ಹೆಚ್ಚಾಗಿ ಇನ್ನೊಬ್ಬರಲ್ಲಿ ಕಡಿಮೆಯಾಗಲು ಕಾರಣವೇನು?

ಗಾಂಜಾ ಅವರ ಬದುಕಿನಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂಬುದರ ಮೇಲೆ ಇದು ಬಹುಮಟ್ಟಿಗೆ ನಿಂತಿತ್ತು. ಗೆಳೆಯರ ಸಂಗಕ್ಕಾಗಿ ಸೇದುತ್ತಿದ್ದವರಿಗೆ ಸಂಗ ತಪ್ಪಿದಾಗ ಸೇದುವ ಸಂದರ್ಭವೂ ತಪ್ಪಿತು. ಮನಸ್ಸಿನ ಒತ್ತಡ, ಬೇಸರ ಅಥವಾ ನಿದ್ರಾಹೀನತೆಯನ್ನು ತಗ್ಗಿಸಿಕೊಳ್ಳಲು ಸೇದುತ್ತಿದ್ದವರಿಗೆ ಅದೇ ಒತ್ತಡ, ಬೇಸರ, ನಿದ್ರಾಹೀನತೆಗಳು ಇನ್ನೂ ಹೆಚ್ಚಾದವು. ಸೇವನೆಯೂ ಅವುಗಳ ಹಿಂದೆಯೇ ಏರಿತು. ಕೆನಡಾದ ಸಮೀಕ್ಷೆಯಲ್ಲಿ ಹೆಚ್ಚು ಸೇವಿಸಿದವರು ಹೇಳಿದ ಕಾರಣಗಳಲ್ಲಿ ಒತ್ತಡ, ಬೇಸರ ಮತ್ತು ಒಂಟಿತನ ಮುಖ್ಯವಾಗಿದ್ದವು.

ಇದರ ಜೊತೆಗೆ ಕಡಿಮೆ ಚರ್ಚೆಯಾದ ಇನ್ನೊಂದು ಕಾರಣವಿದೆ. ಕೆಲಸಕ್ಕೆ ಹೋಗುವುದು, ವಾಹನ ಓಡಿಸುವುದು, ಸಹೋದ್ಯೋಗಿಗಳ ಎದುರು ಕೂರುವುದು, ತರಗತಿಯಲ್ಲಿ ಹಾಜರಿರುವುದು ಇವೆಲ್ಲವೂ ದಿನದ ಬಹುಪಾಲು ಹೊತ್ತನ್ನು ಗಾಂಜಾದಿಂದ ಮುಕ್ತವಾಗಿ ಇಡುತ್ತಿದ್ದ ಬೇಲಿಗಳು. ಯಾರೂ ಅವನ್ನು ಆ ಉದ್ದೇಶಕ್ಕೆಂದು ಹಾಕಿರಲಿಲ್ಲ. ಆ ಬೇಲಿಗಳು ಒಮ್ಮೆಲೇ ಬಿದ್ದಾಗ, ಸಂಜೆ ಏಳಕ್ಕೆ ಶುರುವಾಗುತ್ತಿದ್ದ ಸೇವನೆ ಮಧ್ಯಾಹ್ನಕ್ಕೆ, ಅಲ್ಲಿಂದ ಬೆಳಗಿನ ಕಾಫಿಯ ಹೊತ್ತಿಗೆ ಜಾರಿತು. ಪ್ರಮಾಣಕ್ಕಿಂತಲೂ ಹೊತ್ತಿನ ಈ ಬದಲಾವಣೆಯೇ ಗಂಭೀರ ಎಂಬುದು ನಮ್ಮ ಅಭಿಪ್ರಾಯ. ಎದ್ದ ಕೂಡಲೇ ಸೇದುವವರ ದಿನದಲ್ಲಿ ಸೇವನೆಯಿಲ್ಲದ ಬಿಡುವು ಎಂಬುದೇ ಉಳಿಯುವುದಿಲ್ಲ, ದೇಹವು ಬೇಗ ಒಗ್ಗಿಕೊಳ್ಳುತ್ತದೆ, ಮತ್ತು ಮೊದಲಿನ ಪರಿಣಾಮಕ್ಕೆ ಇನ್ನಷ್ಟು ಬೇಕಾಗುತ್ತದೆ.

ಏರಿಕೆಗೆಲ್ಲ ಲಾಕ್‌ಡೌನ್ ಒಂದೇ ಕಾರಣವೇ?

ಅಲ್ಲ. ಕೆನಡಾದ ಆಂಟೇರಿಯೊ ಪ್ರಾಂತ್ಯವನ್ನು ನೋಡಿ. ದೀರ್ಘಕಾಲ ಗಾಂಜಾ ಸೇವಿಸುವವರಲ್ಲಿ ಕೆಲವರಿಗೆ ಮರುಕಳಿಸುವ ತೀವ್ರ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನದಿಂದ ಅವರಿಗೆ ತಾತ್ಕಾಲಿಕ ಆರಾಮ ಸಿಗುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಒಂದು ಪ್ರತ್ಯೇಕ ತೊಂದರೆಯಾಗಿ ವಿವರಿಸಿದ್ದರು. 2014 ಮತ್ತು 2021ರ ನಡುವೆ ಆಂಟೇರಿಯೊದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಈ ತೊಂದರೆಯಿಂದ ಬಂದವರ ಭೇಟಿಗಳು ಸುಮಾರು 13 ಪಟ್ಟು ಹೆಚ್ಚಾದವು. ಆ ಅವಧಿಯ ಕೊನೆಯಲ್ಲಿ ಮಹಾಸಾಂಕ್ರಾಮಿಕವೂ ಬಂತು, ಕಾನೂನುಬದ್ಧ ಅಂಗಡಿಗಳ ಹಾಗೂ ಉತ್ಪನ್ನಗಳ ಸಂಖ್ಯೆಯೂ ವೇಗವಾಗಿ ಬೆಳೆಯಿತು. ಎರಡೂ ಒಟ್ಟಿಗೆ ನಡೆದಾಗ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ, ಬಿಡಿಸಿದ್ದೇವೆ ಎನ್ನುವವರನ್ನು ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದು.

ಲಾಕ್‌ಡೌನ್ ಘೋಷಣೆಯಾದ ಕೂಡಲೇ ಜನ ಸಾಲುಗಟ್ಟಿ ಕೊಂಡರು ಎಂಬುದು ನಿಜವೇ?

ನಿಜ. 2020ರ ಮಾರ್ಚ್ 15ರ ಭಾನುವಾರ ನೆದರ್ಲೆಂಡ್ಸ್ ಸರ್ಕಾರವು ಕೆಫೆ, ರೆಸ್ಟೋರೆಂಟುಗಳ ಜೊತೆಗೆ ಗಾಂಜಾ ಮಾರುವ ಕಾಫಿಶಾಪ್‌ಗಳನ್ನೂ ಸಂಜೆ ಆರಕ್ಕೆ ಮುಚ್ಚಬೇಕೆಂದು ಪ್ರಕಟಿಸಿತು. ಆಗ ಸಂಜೆ ಆರು ಹತ್ತಿರವೇ ಇತ್ತು. ಅಂಗಡಿಗಳ ಮುಂದೆ ಉದ್ದನೆಯ ಸಾಲುಗಳು ಬೆಳೆದವು, ಕೆಲವೇ ದಿನಗಳಲ್ಲಿ ಸರ್ಕಾರವು ಪೊಟ್ಟಣ ಕಟ್ಟಿಸಿಕೊಂಡು ಒಯ್ಯಲು ಅವಕಾಶ ನೀಡಿತು. ಮಾರ್ಚ್ 23ರಂದು ಅಮೆರಿಕದ ಡೆನ್ವರ್ ನಗರವು ಮದ್ಯದಂಗಡಿ ಮತ್ತು ಗಾಂಜಾ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿ, ಜನರ ನೂಕುನುಗ್ಗಲು ಕಂಡು ಅದೇ ದಿನ ಆದೇಶವನ್ನು ಬದಲಿಸಿತು. ಅಂತರ ಕಾಯಿರಿ ಎನ್ನುವ ಆದೇಶವೇ ಜನರನ್ನು ಒಂದೆಡೆ ಗುಂಪುಗೂಡಿಸಿದ ವಿಚಿತ್ರ ಸಂದರ್ಭವಿದು.

ಹೀಗೆ ದಾಸ್ತಾನು ಮಾಡಿಕೊಂಡವರಿಗೆ ಇನ್ನೊಂದು ಸಮಸ್ಯೆ ಎದುರಾಯಿತು: ತಿಂಗಳಿಗೆಂದು ತಂದದ್ದು ತಿಂಗಳು ಬರಲಿಲ್ಲ. ಕೈಗೆಟಕುವಷ್ಟು ಹತ್ತಿರ, ಕೈತುಂಬ ಇದ್ದಾಗ ಅಳತೆ ಸಡಿಲವಾಗುತ್ತದೆ.

ಸರ್ಕಾರಗಳು ಗಾಂಜಾ ಅಂಗಡಿಗಳನ್ನು ಅತ್ಯಗತ್ಯ ಸೇವೆ ಎಂದು ಪರಿಗಣಿಸಿದವೇ?

ಕಾನೂನುಬದ್ಧವಾಗಿದ್ದ ಕಡೆಗಳಲ್ಲೂ ಒಂದೇ ನೀತಿ ಇರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವೈದ್ಯಕೀಯ ಗಾಂಜಾ ಕೇಂದ್ರಗಳೂ ಮದ್ಯದಂಗಡಿಗಳೂ ತೆರೆದಿದ್ದವು. ಉಳಿದ ವಯಸ್ಕರಿಗೆ ಮಾರುವ ಗಾಂಜಾ ಅಂಗಡಿಗಳು 2020ರ ಮಾರ್ಚ್ 24ರಿಂದ ಮೇ 25ರವರೆಗೆ ಮುಚ್ಚಿದ್ದವು. ಆಂಟೇರಿಯೊ ಏಪ್ರಿಲ್ ಮೊದಲ ವಾರದಲ್ಲಿ ಅವನ್ನು ಅತ್ಯಗತ್ಯ ಸೇವೆಗಳ ಪಟ್ಟಿಯಿಂದ ತೆಗೆದು, ಕೆಲವೇ ದಿನಗಳಲ್ಲಿ ಮನೆಗೆ ತಲುಪಿಸಲು ಮತ್ತು ಅಂಗಡಿಯ ಹೊರಗೇ ಒಪ್ಪಿಸಲು ಅನುಮತಿ ಕೊಟ್ಟಿತು.

ಕಳ್ಳಮಾರುಕಟ್ಟೆಯಲ್ಲಿ ಏನಾಯಿತು?

ದೊಡ್ಡ ಮಟ್ಟದ ಸಾಗಣೆಗೆ ನಿರೀಕ್ಷಿಸಿದಷ್ಟು ಧಕ್ಕೆಯಾಗಲಿಲ್ಲ, ಏಕೆಂದರೆ ಸರಕು ಹಡಗುಗಳೂ ಲಾರಿಗಳೂ ಓಡುತ್ತಲೇ ಇದ್ದವು. ತೊಡಕು ಕಂಡದ್ದು ಬೀದಿಯ ಮಟ್ಟದಲ್ಲಿ. ಖಾಲಿ ರಸ್ತೆಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಕೈ ಬದಲಾಯಿಸುವುದು ಕಷ್ಟವಾದಾಗ ಮಾರಾಟವು ಮೊಬೈಲ್ ಸಂದೇಶಗಳಿಗೆ, ಅಂಚೆಗೆ, ಮನೆಬಾಗಿಲ ವಿತರಣೆಗೆ ತಿರುಗಿತು. ಕೆಲವೆಡೆ ಬೆಲೆ ಏರಿತು, ಕೆಲವೆಡೆ ಗುಣಮಟ್ಟ ಇಳಿಯಿತು.

ಇದರಲ್ಲಿ ನಿಜವಾಗಿಯೂ ಅಪಾಯಕಾರಿಯಾದದ್ದು ಕಲಬೆರಕೆ. 2020ರ ಮಧ್ಯಭಾಗದಿಂದ ಯುರೋಪಿನಲ್ಲಿ, ಟಿಎಚ್‌ಸಿ ಬಹಳ ಕಡಿಮೆಯಿರುವ ಸೆಣಬಿನ ಜಾತಿಯ ಗಾಂಜಾ ಎಲೆ-ಹೂವುಗಳ ಮೇಲೆ ಟಿಎಚ್‌ಸಿಯ ಪರಿಣಾಮವನ್ನು ಅನುಕರಿಸುವ ಕೃತಕ ಕ್ಯಾನಬಿನಾಯ್ಡ್ ರಾಸಾಯನಿಕ ಸಿಂಪಡಿಸಿ, ಅದನ್ನೇ ಸಾಮಾನ್ಯ ಗಾಂಜಾ ಎಂದು ಮಾರಿದ ಪ್ರಕರಣಗಳು ಪತ್ತೆಯಾದವು. ನೋಟದಲ್ಲಿ, ವಾಸನೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಈ ಕೃತಕ ರಾಸಾಯನಿಕಗಳು ಮೆದುಳಿನ ಗ್ರಾಹಕಗಳ (ಇಂಥ ವಸ್ತುಗಳು ಬಂದು ಅಂಟಿಕೊಳ್ಳುವ ಕೋಶಭಾಗಗಳ) ಮೇಲೆ ಟಿಎಚ್‌ಸಿಗಿಂತ ಬಹಳ ಬಿರುಸಾಗಿ ವರ್ತಿಸುತ್ತವೆ. ಸೆಳವು, ತೀವ್ರ ಗೊಂದಲ, ಹೃದಯಬಡಿತದ ಏರುಪೇರು, ಕೆಲವೊಮ್ಮೆ ಸಾವೂ ಸಂಭವಿಸಬಹುದು. ಪರಿಚಿತ ವ್ಯಕ್ತಿಯಿಂದ ಕೊಳ್ಳಲಾಗದೆ ಅಪರಿಚಿತರ ಬಳಿ ಹೋದವರಿಗೆ ಈ ಅಪಾಯ ಇನ್ನೂ ಹೆಚ್ಚಿತ್ತು.

ಏಕಾಏಕಿ ಗಾಂಜಾ ಸಿಗದೆ ಹೋದಾಗ ದೇಹದಲ್ಲಿ ಏನಾಗುತ್ತದೆ?

ದಿನವೂ ಹೆಚ್ಚು ಸೇವಿಸುತ್ತಿದ್ದವರಲ್ಲಿ ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಸಿಡುಕುತನ, ಆತಂಕ, ನಿದ್ದೆ ಬಾರದಿರುವುದು, ವಿಚಿತ್ರವೂ ಸ್ಪಷ್ಟವೂ ಆದ ಕನಸುಗಳು, ಹಸಿವು ತಗ್ಗುವುದು, ಚಡಪಡಿಕೆ, ಬೆವರು, ತಲೆನೋವು ಕಾಣಿಸುತ್ತವೆ. ಮೊದಲ ವಾರದಲ್ಲಿ ಇವು ತೀವ್ರವಾಗಿದ್ದು, ಎರಡು-ಮೂರು ವಾರಗಳಲ್ಲಿ ಬಹುಪಾಲು ಇಳಿಯುತ್ತವೆ. ನಿದ್ದೆಯ ತೊಂದರೆ ಮಾತ್ರ ಇನ್ನೂ ಕೆಲವು ದಿನ ಎಳೆಯಬಹುದು. ಗಾಂಜಾ ಬಿಟ್ಟರೆ ದೇಹಕ್ಕೆ ಏನೂ ಆಗದು ಎಂಬ ನಂಬಿಕೆ ಬಹುಕಾಲ ಇತ್ತು. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಈ ವಿತ್‌ಡ್ರಾಯಲ್ ಸ್ಥಿತಿಗೆ ಅಧಿಕೃತ ಸ್ಥಾನ ಕೊಟ್ಟಿತು.

ಲಾಕ್‌ಡೌನ್‌ನಲ್ಲಿ ಇದನ್ನು ಗುರುತಿಸುವುದು ಕಷ್ಟವಾಗಿತ್ತು. ಸೋಂಕಿನ ಭಯದಿಂದ, ಸಂಪಾದನೆಯ ಚಿಂತೆಯಿಂದ ಎಲ್ಲರಿಗೂ ಸಿಡುಕು ಇತ್ತು, ಎಲ್ಲರ ನಿದ್ದೆಯೂ ಕೆಟ್ಟಿತ್ತು. ಇದು ಸನ್ನಿವೇಶದ ಫಲವೋ, ಗಾಂಜಾ ನಿಂತದ್ದರ ಫಲವೋ ಎಂದು ತಿಳಿಯದೆ, ಅದೇ ಕಾರಣಕ್ಕೆ ಮತ್ತೆ ಸೇದಿದವರಿದ್ದಾರೆ. ಸೇದಿದ ಕೂಡಲೇ ಸಮಾಧಾನವಾದಾಗ ಅದನ್ನು ಔಷಧಿಯ ಗುಣವೆಂದು ತಪ್ಪಾಗಿ ತಿಳಿದುಕೊಂಡರು. ಮದ್ಯವನ್ನೂ ಹೆಚ್ಚು ಕುಡಿಯುತ್ತಿದ್ದು ಎರಡನ್ನೂ ಒಟ್ಟಿಗೆ ನಿಲ್ಲಿಸಬೇಕಾದವರು ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು, ಏಕೆಂದರೆ ಮದ್ಯವನ್ನು ಒಮ್ಮೆಲೇ ಬಿಡುವುದು ಪ್ರಾಣಕ್ಕೆ ಅಪಾಯ ತರಬಹುದು.

ಕೆಲವು ವಾರ ಬಿಟ್ಟು ಮತ್ತೆ ಸೇದಿದರೆ ಹಳೆಯ ಪ್ರಮಾಣವನ್ನು ದೇಹ ತಾಳುತ್ತದೆಯೇ?

ತಾಳುವುದಿಲ್ಲ ಎಂದೇ ಭಾವಿಸಬೇಕು. ದಿನನಿತ್ಯದ ಸೇವನೆಯಿಂದ, ಟಿಎಚ್‌ಸಿ ಅಂಟಿಕೊಳ್ಳುವ ಮೆದುಳಿನ ಸಿಬಿ1 ಗ್ರಾಹಕಗಳು ಕುಗ್ಗುತ್ತವೆ. ಸೇವನೆ ನಿಂತ ಎರಡು ದಿನಗಳಲ್ಲೇ ಅವು ಚೇತರಿಸಿಕೊಳ್ಳತೊಡಗುತ್ತವೆ, ನಾಲ್ಕು ವಾರಗಳ ಹೊತ್ತಿಗೆ ಸಾಮಾನ್ಯ ಸ್ಥಿತಿಗೆ ಹತ್ತಿರ ಬರುತ್ತವೆ ಎಂದು ಮೆದುಳಿನ ಚಿತ್ರಣ ಅಧ್ಯಯನಗಳು ತೋರಿಸಿವೆ. ಹೀಗಿರುವಾಗ ಹಳೆಯ ಅಳತೆಯಲ್ಲಿ ಸೇದಿದರೆ ಎದೆಬಡಿತ ಏರಿ, ಗಾಬರಿ ಹಿಡಿದು, ತಲೆ ಸುತ್ತಿ ಬೀಳಬಹುದು.

ಹೊಗೆ ಬೇಡವೆಂದು ತಿನ್ನುವ ರೂಪಕ್ಕೆ ಬದಲಾದವರಿಗೆ ತೊಂದರೆ ಏನು?

ಉಸಿರಾಟದ ಕಾಯಿಲೆ ಹರಡುತ್ತಿದ್ದ ಕಾಲದಲ್ಲಿ ಹೊಗೆಗೆ ಹೆದರುವುದು ಸಹಜ. ದ್ರವವನ್ನು ಬಿಸಿಮಾಡಿ ಆವಿಯಾಗಿ ಎಳೆಯುವ ವೇಪ್ ಸಾಧನಗಳ ಬಗೆಗೂ ಆಗ ಭಯವಿತ್ತು. ಅಮೆರಿಕದಲ್ಲಿ 2019ರಲ್ಲಿ ಶುರುವಾದ, ವಿಟಮಿನ್ ಇ ಅಸಿಟೇಟ್ ಬೆರೆತ ಟಿಎಚ್‌ಸಿ ದ್ರವಗಳಿಗೆ ಮುಖ್ಯವಾಗಿ ಸಂಬಂಧಿಸಿದ ಶ್ವಾಸಕೋಶದ ಹಾನಿಯಿಂದ 2020ರ ಫೆಬ್ರವರಿ ಹೊತ್ತಿಗೆ 68 ಮಂದಿ ಸತ್ತಿದ್ದರು. ಹಾಗೆಂದು ತಿನ್ನುವುದು ಸುರಕ್ಷಿತ ಎನ್ನಲಾಗದು. ಸೇದಿದಾಗ ಪರಿಣಾಮವು ನಿಮಿಷಗಳಲ್ಲಿ ತಿಳಿಯುತ್ತದೆ. ತಿಂದಾಗ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕಾಗುತ್ತದೆ. ಯಕೃತ್ತಿನಲ್ಲಿ ಟಿಎಚ್‌ಸಿ ಇನ್ನೂ ಪ್ರಬಲವಾದ ರೂಪಕ್ಕೆ ಬದಲಾಗುವುದರಿಂದ ಅಮಲು ಗಾಢವಾಗಿ, ಬಹಳ ಹೊತ್ತು ಉಳಿಯುತ್ತದೆ. ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದವರೇ ಹೆಚ್ಚಾಗಿ ಆಸ್ಪತ್ರೆ ಸೇರುತ್ತಾರೆ.

ಮನೆಯಲ್ಲಿ ಮಕ್ಕಳಿದ್ದರೆ ವಿಷಯ ಇನ್ನೂ ಗಂಭೀರ. ಚಾಕೊಲೇಟ್, ಬಿಸ್ಕತ್ತು, ಜೆಲ್ಲಿಯಂತೆ ಕಾಣುವ ಗಾಂಜಾ ತಿನಿಸುಗಳನ್ನು ಆರು ವರ್ಷದೊಳಗಿನ ಮಕ್ಕಳು ತಿಂದ ಪ್ರಕರಣಗಳು ಅಮೆರಿಕದ ವಿಷ ನಿಯಂತ್ರಣ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು. 2021ರಲ್ಲಿ ಅವು 3,054 ಆದವು, ಬಹುತೇಕ ಎಲ್ಲವೂ ಮನೆಯಲ್ಲೇ ನಡೆದವು. ದೊಡ್ಡವರೂ ಮಕ್ಕಳೂ ಇಡೀ ದಿನ ಒಂದೇ ಸೂರಿನಡಿ ಇದ್ದ ಕಾಲಕ್ಕೂ ಈ ಏರಿಕೆಗೂ ಸಂಬಂಧವಿಲ್ಲ ಎನ್ನುವುದು ಕಷ್ಟ. ಮಗು ವಿಪರೀತ ಮಂಪರಾಗಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಉಸಿರು ನಿಧಾನವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಏನು ತಿಂದಿದೆ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.

ಒಂಟಿಯಾಗಿ ಸೇದುವುದು ಜೊತೆಯಲ್ಲಿ ಸೇದುವುದಕ್ಕಿಂತ ಬೇರೆಯೇ?

ಬೇರೆ. ಒಂದೇ ಜಾಯಿಂಟ್ (ಗಾಂಜಾ ಸುತ್ತಿದ ಸಿಗರೇಟು) ಬಾಯಿಂದ ಬಾಯಿಗೆ ಸುತ್ತುವ ಪದ್ಧತಿ ಸೋಂಕಿನ ಭಯದಿಂದ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಂಚಿಕೊಳ್ಳುವಾಗ ಒಬ್ಬರಿಗೆ ಸಿಗುತ್ತಿದ್ದದ್ದು ಕೆಲವೇ ದಮ್ಮು. ಒಂಟಿಯಾದಾಗ ಇಡೀ ಜಾಯಿಂಟ್ ಒಬ್ಬರ ಪಾಲಾಯಿತು. "ಇವತ್ತಿಗೆ ಸಾಕು" ಎನ್ನುವ ಗೆಳೆಯರೂ ಪಕ್ಕದಲ್ಲಿ ಇರಲಿಲ್ಲ. ಒಂಟಿಯಾಗಿ ಸೇದುವುದಕ್ಕೂ ಮುಂದೆ ಚಟವಾಗುವುದಕ್ಕೂ ನಂಟಿದೆ ಎಂಬುದನ್ನು ಮಹಾಸಾಂಕ್ರಾಮಿಕಕ್ಕೆ ಮುಂಚಿನ ಅಧ್ಯಯನಗಳೇ ಹೇಳಿದ್ದವು.

ಹದಿಹರೆಯದವರಲ್ಲಿ ಏನಾಯಿತು?

ಅನೇಕರ ಊಹೆಗೆ ವಿರುದ್ಧವಾದದ್ದು. ಅಮೆರಿಕದ ಶಾಲಾ ವಿದ್ಯಾರ್ಥಿಗಳ ವಾರ್ಷಿಕ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದೊಳಗೆ ಗಾಂಜಾ ಸೇವಿಸಿದ್ದ ಹತ್ತನೆಯ ತರಗತಿಯವರ ಪ್ರಮಾಣ 2020ರಲ್ಲಿ ಶೇ. 28 ಇದ್ದದ್ದು 2021ರಲ್ಲಿ ಶೇ. 17.3ಕ್ಕೆ ಇಳಿಯಿತು; ಹನ್ನೆರಡನೆಯ ತರಗತಿಯವರಲ್ಲಿ ಶೇ. 35.2ರಿಂದ ಶೇ. 30.5ಕ್ಕೆ ಇಳಿಯಿತು. ಈ ವಯಸ್ಸಿನವರಿಗೆ ಗಾಂಜಾ ಸಿಗುವುದು ಗೆಳೆಯರ ಮೂಲಕ, ಸೇದುವುದು ಮನೆಯವರ ಕಣ್ಣಿನಿಂದ ದೂರ. ಎರಡೂ ದಾರಿಗಳು ಮುಚ್ಚಿದ್ದವು.

ಆತಂಕಕ್ಕೂ ನಿದ್ದೆಗೂ ಗಾಂಜಾ ಸಹಾಯ ಮಾಡುವುದಿಲ್ಲವೇ?

ಅಲ್ಪ ಪ್ರಮಾಣವು ಕೆಲವರಿಗೆ ಆ ಕ್ಷಣದ ಆತಂಕವನ್ನು ತಗ್ಗಿಸಬಹುದು, ಹೆಚ್ಚಿನ ಪ್ರಮಾಣವು ಆತಂಕವನ್ನೇ ಹುಟ್ಟಿಸುತ್ತದೆ. ನಿದ್ದೆಯ ವಿಷಯವೂ ಹಾಗೆಯೇ: ಮೊದಮೊದಲು ಬೇಗ ನಿದ್ದೆ ಹತ್ತಿದರೂ ದೇಹ ಒಗ್ಗಿಕೊಂಡ ಮೇಲೆ ಆ ಲಾಭ ಕರಗುತ್ತದೆ, ಬಿಟ್ಟಾಗ ನಿದ್ದೆ ಮೊದಲಿಗಿಂತ ಕೆಡುತ್ತದೆ. ತಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಬಂದಿದ್ದರೆ ಗಾಂಜಾದಿಂದ ಪೂರ್ತಿಯಾಗಿ ದೂರ ಇರುವುದೇ ಸರಿ.

ಗಾಂಜಾ ಕೊರೊನಾ ಸೋಂಕನ್ನು ತಡೆಯುತ್ತದೆ ಎಂದು ಓದಿದ್ದೆ. ನಿಜವೇ?

ಇಲ್ಲ. 2022ರ ಜನವರಿಯಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು, ಗಾಂಜಾ ಜಾತಿಯ ಸಸ್ಯದ ಎರಡು ಆಮ್ಲಗಳು ವೈರಸ್ಸಿನ ಮುಳ್ಳಿನಂಥ ಪ್ರೋಟೀನಿಗೆ ಅಂಟಿಕೊಂಡು ಅದು ಜೀವಕೋಶ ಹೊಗದಂತೆ ತಡೆದವು ಎಂದು ಪ್ರಕಟಿಸಿದ್ದು ಹೌದು. ಅದು ಪ್ರಯೋಗಾಲಯದ ಕೋಶಗಳಲ್ಲಿ ಕಂಡ ಫಲ, ಮನುಷ್ಯರಲ್ಲಿ ಕಂಡದ್ದಲ್ಲ. ಮೇಲಾಗಿ ಆ ಆಮ್ಲಗಳು ಹಸಿ ಸಸ್ಯದಲ್ಲಿರುವಂಥವು, ಬೆಂಕಿ ತಗುಲಿದ ಕೂಡಲೇ ಬೇರೆ ವಸ್ತುಗಳಾಗಿ ಬದಲಾಗುತ್ತವೆ.

ಮನೆಯಲ್ಲಿ ಒಬ್ಬರು ಸೇದುತ್ತಿದ್ದಾರೆಂದು ಲಾಕ್‌ಡೌನ್‌ನಲ್ಲೇ ತಿಳಿಯಿತು. ಹೇಗೆ ಮಾತನಾಡಬೇಕು?

ಅಮಲಿನಲ್ಲಿ ಇರುವಾಗ ಮಾತನಾಡಬಾರದು. ಪೊಟ್ಟಣವನ್ನು ಹುಡುಕಿ ಎಸೆಯುವುದರಿಂದ ಬಚ್ಚಿಡುವ ಜಾಗ ಬದಲಾಗುತ್ತದೆಯೇ ಹೊರತು ಅಭ್ಯಾಸವಲ್ಲ. ಎಷ್ಟು ಸೇದುತ್ತೀ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ, ಯಾಕೆ ಬೇಕೆನಿಸುತ್ತದೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ನಿದ್ದೆಗೆಂದು ಸೇದುವವರ ಜೊತೆ ನಿದ್ದೆಯ ಬಗ್ಗೆಯೇ ಮಾತು ಶುರುಮಾಡಬಹುದು.

ನಿರ್ಬಂಧಗಳು ತೆರವಾದವು, ಅಭ್ಯಾಸ ಮಾತ್ರ ಉಳಿಯಿತು. ಇದನ್ನು ಕಾಯಿಲೆ ಎನ್ನಬೇಕೇ?

ಎಲ್ಲರ ವಿಷಯದಲ್ಲೂ ಅಲ್ಲ. ಮೇಲೆ ಹೇಳಿದ ಮನೋವೈದ್ಯರ ಕೈಪಿಡಿಯಲ್ಲಿ 11 ಲಕ್ಷಣಗಳಿವೆ: ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುವುದು, ಕಡಿಮೆ ಮಾಡಲು ಹೋಗಿ ಸೋಲುವುದು, ಬೇಕೇಬೇಕು ಎನಿಸುವ ತುಡಿತ, ಕೆಲಸ ಮತ್ತು ಮನೆಯ ಹೊಣೆ ತಪ್ಪುವುದು, ತೊಂದರೆ ಗೊತ್ತಿದ್ದೂ ಮುಂದುವರಿಸುವುದು ಇತ್ಯಾದಿ. ಹನ್ನೆರಡು ತಿಂಗಳ ಅವಧಿಯಲ್ಲಿ ಇವುಗಳಲ್ಲಿ ಎರಡಾದರೂ ಇದ್ದು ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಸ್ವರೂಪದ್ದು. ಇದನ್ನು ಬಿಡಿಸಲೆಂದೇ ಅನುಮೋದನೆ ಪಡೆದ ಮಾತ್ರೆ ಇನ್ನೂ ಇಲ್ಲ, ಆಪ್ತಸಮಾಲೋಚನೆ ಮತ್ತು ವರ್ತನಾ ಚಿಕಿತ್ಸೆಗಳೇ ಮುಖ್ಯ ಆಧಾರ. ಲಾಕ್‌ಡೌನ್ ಕಾಲದಲ್ಲಿ ಫೋನಿಗೂ ವಿಡಿಯೊ ಕರೆಗೂ ಬಂದ ಈ ಸೇವೆಗಳು ಹಲವೆಡೆ ಈಗಲೂ ಮುಂದುವರಿದಿವೆ, ಆಸ್ಪತ್ರೆಯ ಮೆಟ್ಟಿಲೇರಲು ಸಂಕೋಚಪಡುವವರಿಗೆ ಅದು ಅನುಕೂಲವೇ.

ಚಿಕಿತ್ಸೆಯವರೆಗೆ ಹೋಗುವ ಅಗತ್ಯವಿಲ್ಲ ಎನಿಸುವವರು ಮೊದಲು ಬೆಳಗಿನ ಸೇವನೆಯನ್ನು ಬಿಡಲು ಪ್ರಯತ್ನಿಸಬಹುದು, ಆಮೇಲೆ ಮಧ್ಯಾಹ್ನದ್ದನ್ನು, ಹೀಗೆ ಲಾಕ್‌ಡೌನ್‌ನಲ್ಲಿ ಬಂದ ಕ್ರಮಕ್ಕೆ ತಿರುವುಮುರುವಾಗಿ. ಎರಡು ವಾರ ಪ್ರಯತ್ನಿಸಿಯೂ ಬೆಳಗಿನದನ್ನೇ ಬಿಡಲಾಗದಿದ್ದರೆ ಒಬ್ಬರೇ ಹೆಣಗಾಡುವುದನ್ನು ನಿಲ್ಲಿಸಿ ವೈದ್ಯರ ಬಳಿ ಮಾತನಾಡಬೇಕು.